ಹೊಳೆಯಾಚೆಯ ಆನೆಗೊಂದಿ: ಆಶ್ರಯ ಕೊಟ್ಟು ಅಳಿದ ರಾಜನ ಊರಿನಲ್ಲಿ ಒಂದು ದಿನ

ಹಂಪಿ ನೋಡಿ ಬಂದವರು ನಮ್ಮ ಜಮಾಅತ್‌ಗಳಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕಲ್ಲಿನ ರಥದ ಮುಂದೆ ನಿಂತು ತೆಗೆಸಿದ ಫೋಟೊ ಇಲ್ಲದ ಮನೆ ಕಡಿಮೆ. ಆದರೆ ಅದೇ ತುಂಗಭದ್ರೆಯ ಆಚೆ ದಡದಲ್ಲಿ, ಕೊಪ್ಪಳ ಜಿಲ್ಲೆಯ ಗಂಗಾವತಿ ತಾಲೂಕಿನಲ್ಲಿ, ಹಂಪಿಗಿಂತಲೂ ಹಳೆಯ ಊರೊಂದಿದೆ. ಹಂಪಿ ಹಾಳಾಯಿತು, ಆ ಊರು ಹಾಳಾಗಲಿಲ್ಲ. ಕೋಟೆ ಬಾಗಿಲಿನ ಒಳಗೆ ಇವತ್ತಿಗೂ ಜನ ಅಡುಗೆ ಮಾಡುತ್ತಾರೆ, ಎಮ್ಮೆ ಕಟ್ಟುತ್ತಾರೆ, ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಅದು ಆನೆಗೊಂದಿ.

ನಮ್ಮ ಮದ್ರಸದ ಮೇಲಿನ ತರಗತಿಯ ಮಕ್ಕಳು, ಕೆಲವು ಉಪ್ಪ-ಉಮ್ಮಂದಿರು, ನಾವು ಮೂವರು ಉಸ್ತಾದರು ಸೇರಿ ಕಳೆದ ಡಿಸೆಂಬರ್ ರಜೆಯಲ್ಲಿ ಒಂದು ದಿನ ಅಲ್ಲಿದ್ದು ಬಂದೆವು. ಮಂಗಳೂರಿನಿಂದ ರಾತ್ರಿಯಿಡೀ ಬಸ್ಸು. ಹೊಸಪೇಟೆ ಕಡೆಯಿಂದ ಬಂದು ಕಡೇಬಾಗಿಲು ಸೇತುವೆಯಲ್ಲಿ ಹೊಳೆ ದಾಟುವಾಗ ಸುತ್ತ ಬೆಳಕು ಹರಿದಿತ್ತು. ಎರಡೂ ಬದಿಗೆ ಬಂಡೆ ಮೇಲೆ ಬಂಡೆ, ಯಾರೋ ಆಟಕ್ಕೆ ಪೇರಿಸಿಟ್ಟ ಹಾಗೆ. ಬಂಡೆಗಳ ಬುಡದಲ್ಲಿ ಹಸಿರು ಗದ್ದೆ, ಬಾಳೆ ತೋಟ. ವಿಜಯನಗರ ಕಾಲದ ಕಾಲುವೆಗಳಲ್ಲಿ ಇನ್ನೂ ನೀರು ಹರಿಯುತ್ತದೆ, ಆ ನೀರಿನಲ್ಲೇ ಈ ಬೆಳೆ. ನಮ್ಮ ಮನೆಗಳಲ್ಲಿ ಕುಚ್ಚಲಕ್ಕಿಯ ಪಕ್ಕದಲ್ಲಿ ಇಡುವ ಬೆಳ್ತಿಗೆ ಸೋನಾ ಮಸೂರಿಯ ಚೀಲದ ಮೇಲೆ ಗಂಗಾವತಿ ಎಂಬ ಹೆಸರನ್ನು ಮಕ್ಕಳು ಓದಿದ್ದರು. ‘ಉಸ್ತಾದ್, ಅಕ್ಕಿಯ ಊರು ಇದೇಯಾ?’ ಎಂದು ಒಬ್ಬ ಕೇಳಿದ. ಇದೇ.

ಹೊರಡುವ ಮೊದಲು ಒಂದು ಅಳುಕು ಇತ್ತು ಎಂಬುದನ್ನು ಮುಚ್ಚಿಡುವುದು ಬೇಡ. ಆನೆಗೊಂದಿಯ ಪಕ್ಕದಲ್ಲೇ ಅಂಜನಾದ್ರಿ ಬೆಟ್ಟವಿದೆ. ಹನುಮಂತ ಹುಟ್ಟಿದ ಜಾಗ ಎಂಬ ನಂಬಿಕೆಯಿಂದ ಅಲ್ಲಿಗೆ ದೊಡ್ಡ ಸಂಖ್ಯೆಯಲ್ಲಿ ಭಕ್ತರು ಬರುತ್ತಾರೆ, ಡಿಸೆಂಬರಿನಲ್ಲಿ ಹನುಮಮಾಲೆ ಹಾಕಿದವರ ಜಾತ್ರೆಯೇ ಇರುತ್ತದೆ. ‘ಟೊಪ್ಪಿ, ಬುರ್ಖಾ ಹಾಕ್ಕೊಂಡು ಅಷ್ಟು ದೂರ, ಅದೂ ಆ ಸಮಯದಲ್ಲಿ ಹೋಗುವುದು ಬೇಕಾ?’ ಎಂದು ಇಬ್ಬರು ಉಮ್ಮಂದಿರು ಕೇಳಿದ್ದರು. ನಮ್ಮ ಕರಾವಳಿಯಲ್ಲಿ ಈಚಿನ ವರ್ಷಗಳನ್ನು ಕಂಡವರು ಹಾಗೆ ಕೇಳುವುದರಲ್ಲಿ ತಪ್ಪೇನಿಲ್ಲ. ನಾವು ಹೋದದ್ದು ಮಾಲೆ ವಿಸರ್ಜನೆಯ ದಿನವಲ್ಲ, ಅದನ್ನು ಮೊದಲೇ ವಿಚಾರಿಸಿಕೊಂಡಿದ್ದೆವು. ಆದರೂ ಊರ ಹೊರಗಿನ ಚಹಾದಂಗಡಿಯಲ್ಲಿ ಕೇಸರಿ ಉಟ್ಟ ಏಳೆಂಟು ಮಂದಿ ಕುಳಿತಿದ್ದರು. ನಮ್ಮ ಬಸ್ಸು ನಿಂತಿತು, ಹೆಂಗಸರು ಇಳಿಯಲು ಹಿಂದೆಮುಂದೆ ನೋಡಿದರು. ಅವರಲ್ಲೊಬ್ಬ ಎದ್ದು ಬೆಂಚು ಈಚೆ ಎಳೆದ. ‘ಬರ್ರೀ ಅಕ್ಕಾರ, ಕುಂದರ್ರಿ’ ಎಂದ. ಮಂಗಳೂರಿನವರೆಂದು ಗೊತ್ತಾದ ಮೇಲೆ ನಮ್ಮ ಬಳಿ ಬಂದು ತಗ್ಗಿದ ದನಿಯಲ್ಲಿ, ‘ಮಾಲಿ ಹಾಕೀನಿ, ಕೇಳಬಾರದು. ಆದ್ರೂ ಬಂಗುಡಿ ರೇಟ್ ಈಗ ಎಷ್ಟೈತ್ರಿ ನಿಮ್ಮ ಕಡೆ?’ ಎಂದು ಕೇಳಿದ. ಅವನು ನಾಲ್ಕು ವರ್ಷ ಧಕ್ಕೆಯಲ್ಲಿ ಕೆಲಸ ಮಾಡಿದವನಂತೆ. ಬಸ್ಸಿನಲ್ಲಿದ್ದ ಅಳುಕು ಆ ಬಂಗುಡೆಯ ರೇಟಿನ ಲೆಕ್ಕದಲ್ಲಿ ಎಲ್ಲಿಗೋ ಹೋಯಿತು.

ಅಲ್ಲಿ ತಿಂಡಿ ಎಂದರೆ ಮಂಡಾಳ ಒಗ್ಗರಣಿ ಮತ್ತು ಮಿರ್ಚಿ. ನಾವು ಮನೆಯಿಂದ ಕಟ್ಟಿ ತಂದಿದ್ದ ಕಲ್ತಪ್ಪವನ್ನು ಅಂಗಡಿಯವರಿಗೂ ಕೊಟ್ಟೆವು. ‘ಇದೇನ್ರೀ, ಅಕ್ಕಿ ಬೆಲ್ಲದ ಕೇಕು?’ ಎಂದರು. ಅದಕ್ಕಿಂತ ಒಳ್ಳೆಯ ವಿವರಣೆ ನಮಗೂ ಸಿಗಲಿಲ್ಲ.

ಊರೊಳಗೆ ನಡೆದೇ ಹೋಗಬೇಕು. ಗೊಂದಿ ಎಂದರೆ ಇಕ್ಕಟ್ಟಾದ ದಾರಿ, ಸಂದು. ಹೆಸರಿಗೆ ತಕ್ಕ ಹಾಗೆ ಓಣಿಗಳು. ಆನೆ ಗುಂಡಿ ಎನ್ನುವುದೇ ಆನೆಗೊಂದಿ ಆಯಿತು, ರಾಜರ ಆನೆಗಳು ಇಲ್ಲಿದ್ದವು ಎಂದು ಹೇಳುವವರೂ ಇದ್ದಾರೆ. ಎರಡೂ ಬದಿಗೆ ದಪ್ಪ ಗೋಡೆಯ ಮಾಳಿಗೆ ಮನೆಗಳು. ಮಣ್ಣಿನ ಮಾಡು, ಮರದ ತೊಲೆ, ಬಾಗಿಲ ಪಕ್ಕ ಕೂರಲು ಕಟ್ಟೆ. ಬೆಳಕು ಬರಲು ಮಾಳಿಗೆಯಲ್ಲಿ ಬೆಳಕಿಂಡಿ. ಹೊರಗೆ ಬಿಸಿಲು ಎಷ್ಟಿದ್ದರೂ ಒಳಗೆ ತಂಪು. ನಮ್ಮ ಕಡೆ ಮಳೆಗೆ ಹಂಚಿನ ಮನೆಯನ್ನು ಇಳಿಜಾರಾಗಿ ಕಟ್ಟುತ್ತಾರೆ. ಇಲ್ಲಿ ಮಾಡು ಚಪ್ಪಟೆ, ಮೇಲೆ ಮೆಣಸಿನಕಾಯಿ ಒಣಗಿಸುತ್ತಾರೆ, ಬೇಸಿಗೆಯಲ್ಲಿ ಮಲಗುತ್ತಾರೆ. ನಡುನಡುವೆ ಸಿಮೆಂಟಿನ ಹೊಸ ಮನೆಗಳೂ ಎದ್ದಿವೆ.

ಊರ ನಡುವೆ ಗಗನ ಮಹಲು. ಹೆಸರು ದೊಡ್ಡದು, ಕಟ್ಟಡ ಅಷ್ಟು ದೊಡ್ಡದಲ್ಲ. ಕಮಾನು ಕಿಟಕಿ, ಹೊರಚಾಚಿದ ಮಾಡ. ಹಂಪಿಯ ಕಮಲ ಮಹಲಿನ ಜಾತಿಯದು. ಮಕ್ಕಳು ನೋಡಿದ ಕೂಡಲೇ ‘ಮಸೀದಿಯಾ?’ ಎಂದರು. ಅಲ್ಲ, ಅರಮನೆಗೆ ಸೇರಿದ್ದು. ಆದರೆ ಆ ಮೊನೆ ಇರುವ ಕಮಾನು ಮಿಹ್ರಾಬಿನ ಹಾಗೆ ಕಂಡದ್ದು ಮಕ್ಕಳ ಕಣ್ಣಿನ ತಪ್ಪಲ್ಲ. ವಿಜಯನಗರದ ರಾಜರು ಬಹಮನಿಗಳ ಜತೆ ಯುದ್ಧವನ್ನೂ ಮಾಡಿದರು, ಅವರ ಕಮಾನನ್ನೂ ಗುಮ್ಮಟವನ್ನೂ ಕಟ್ಟಡಗಳಿಗೆ ತೆಗೆದುಕೊಂಡರು. ಎದುರಿಗೇ ರಂಗನಾಥನ ಗುಡಿ, ಅದರ ಮರದ ತೇರು.

ಈ ಮಹಲಿನ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ನಾವು ಕಂಪಿಲರಾಯನ ಕಥೆ ಹೇಳಿದೆವು. ನಿಜ ಹೇಳಬೇಕೆಂದರೆ ನಾವು ಆನೆಗೊಂದಿಗೆ ಹೋದದ್ದೇ ಆ ಕಥೆಗಾಗಿ.

ವಿಜಯನಗರ ಹುಟ್ಟುವ ಮೊದಲಿನ ಮಾತು. 1327ರ ಹೊತ್ತು. ದೆಹಲಿಯಲ್ಲಿ ಮುಹಮ್ಮದ್ ಬಿನ್ ತುಘಲಕ್ ಸುಲ್ತಾನ. ಅವನ ಹತ್ತಿರದ ಬಂಧು ಬಹಾವುದ್ದೀನ್ ಗುರ್ಶಾಸ್ಪ್, ಇವತ್ತಿನ ಯಾದಗಿರಿ ಜಿಲ್ಲೆಯ ಸಗರದಲ್ಲಿ ಅಧಿಕಾರಿಯಾಗಿದ್ದವನು, ಸುಲ್ತಾನನ ವಿರುದ್ಧ ತಿರುಗಿಬಿದ್ದ. ಸೋತ. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಓಡಿ ಬಂದು ಕಂಪಿಲಿಯ ರಾಜನಲ್ಲಿ ಆಶ್ರಯ ಬೇಡಿದ. ಕಂಪಿಲರಾಯನ ಕೋಟೆ ಕುಮ್ಮಟದುರ್ಗ, ಅದೂ ಇದೇ ಗಂಗಾವತಿ ತಾಲೂಕಿನ ಗುಡ್ಡಗಳಲ್ಲೇ ಇದೆ. ರಾಜ ಚಿಕ್ಕವನು, ಬೆನ್ನಟ್ಟಿ ಬಂದದ್ದು ದೆಹಲಿಯ ಸೈನ್ಯ. ಒಬ್ಬ ಮನುಷ್ಯನನ್ನು ಒಪ್ಪಿಸಿದ್ದರೆ ಸಾಕಿತ್ತು, ರಾಜ್ಯ ಉಳಿಯುತ್ತಿತ್ತು. ರಾಯ ಒಪ್ಪಿಸಲಿಲ್ಲ. ಕುಮ್ಮಟ ಬಿತ್ತು. ರಾಜ ಹೊಸದುರ್ಗಕ್ಕೆ ಹಿಮ್ಮೆಟ್ಟಿದ. ಆ ಹೊಸದುರ್ಗವೇ ಆನೆಗೊಂದಿ ಎಂದು ಇತಿಹಾಸಕಾರರು ಗುರುತಿಸುತ್ತಾರೆ.

ಕೊನೆಯ ದಿನಗಳ ವಿವರ ನಮಗೆ ಸಿಗುವುದು ಇಬ್ನ್ ಬತೂತರಿಂದ. ಮುತ್ತಿಗೆ ಬಿಗಿಯಾಗಿ ದವಸ ಮುಗಿಯುತ್ತ ಬಂದಾಗ ರಾಯ ಗುರ್ಶಾಸ್ಪನನ್ನು ಕರೆದು, ನಾನು ಮನೆಮಂದಿಯೊಂದಿಗೆ ಸಾಯಲು ನಿಶ್ಚಯಿಸಿದ್ದೇನೆ, ನೀನು ಇನ್ನೊಬ್ಬ ರಾಜನ ಬಳಿಗೆ ಹೋಗು, ಅವನು ನಿನ್ನನ್ನು ಕಾಯುತ್ತಾನೆ ಎಂದು ಹೇಳಿ, ಜತೆಗೆ ಜನ ಕೊಟ್ಟು ಕಳಿಸಿದ. ಅತಿಥಿಯನ್ನು ಸುರಕ್ಷಿತವಾಗಿ ದಾಟಿಸಿದ ಮೇಲೆಯೇ ದೊಡ್ಡ ಬೆಂಕಿ ಹಾಕಿಸಿದ. ಅರಮನೆಯ ಹೆಂಗಸರು ಅದರಲ್ಲಿ ಬಿದ್ದರು. ಗಂಡಸರು ಬಾಗಿಲು ತೆಗೆದು ಹೊರಟು ಹೋರಾಡಿ ಸತ್ತರು, ರಾಯನೂ ಸತ್ತ. ಬೆಂಕಿಗೆ ಬಿದ್ದು ಸಾಯುವುದನ್ನು ನಮ್ಮ ದೀನ್ ಒಪ್ಪುವುದಿಲ್ಲ, ಅದನ್ನು ಮಕ್ಕಳಿಗೆ ಬಿಡಿಸಿಯೇ ಹೇಳಿದೆವು. ಆದರೆ ಕೊಟ್ಟ ಮಾತಿಗಾಗಿ, ತನ್ನ ಧರ್ಮದವನಲ್ಲದ ಒಬ್ಬ ಅತಿಥಿಗಾಗಿ ಇಷ್ಟನ್ನೂ ಕಳೆದುಕೊಂಡ ರಾಜ ಎಂಬುದನ್ನೂ ಬಿಡಿಸಿಯೇ ಹೇಳಬೇಕು.

ಆ ಇನ್ನೊಬ್ಬ ರಾಜ, ಹೊಯ್ಸಳ ಮೂರನೇ ಬಲ್ಲಾಳ, ಗುರ್ಶಾಸ್ಪನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ. ಸುಲ್ತಾನ ತನ್ನ ಸ್ವಂತ ಬಂಧುವಿಗೆ ಕೊಟ್ಟ ಶಿಕ್ಷೆಯ ವಿವರವನ್ನು ಮಕ್ಕಳಿಗೆ ಹೇಳಲಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಹೀಗಾಗಿ ಈ ಕಥೆಯನ್ನು ಹಿಂದೂ-ಮುಸ್ಲಿಂ ಯುದ್ಧ ಎಂದು ಹೇಳಲು ಹೊರಟರೆ ಹೇಳುವವನಿಗೇ ಗೊಂದಲವಾಗುತ್ತದೆ. ಬೆನ್ನಟ್ಟಿದವನು ಮುಸ್ಲಿಂ, ಓಡಿದವನೂ ಮುಸ್ಲಿಂ. ಕಾಯ್ದವನು ಹಿಂದೂ, ಹಿಡಿದುಕೊಟ್ಟವನೂ ಹಿಂದೂ. ಏಳನೇ ತರಗತಿಯ ಹುಡುಗಿಯೊಬ್ಬಳು, ‘ಹಾಗಾದರೆ ಕಂಪಿಲರಾಯ ನಜಾಶಿ ರಾಜನ ಹಾಗೆ, ಅಲ್ವಾ ಉಸ್ತಾದ್?’ ಎಂದಳು. ಮಕ್ಕಾದಿಂದ ಹಿಜ್ರಾ ಹೋದ ಸಹಾಬಿಗಳನ್ನು ಖುರೈಷರಿಗೆ ಒಪ್ಪಿಸದ ಅಬಿಸೀನಿಯಾದ ಕ್ರೈಸ್ತ ರಾಜನ ಪಾಠ ಅವಳಿಗೆ ನೆನಪಿತ್ತು. ಎಲ್ಲದರಲ್ಲೂ ಅವನ ಹಾಗೆ ಅಲ್ಲ. ಗುರ್ಶಾಸ್ಪ್ ಸಹಾಬಿಯೂ ಅಲ್ಲ, ದೊಡ್ಡ ಸಜ್ಜನನೆಂದು ಹೇಳಲೂ ನಮ್ಮಲ್ಲಿ ಆಧಾರವಿಲ್ಲ. ಆದರೆ ಅಮಾನ್ ಕೊಟ್ಟವನ ಗುಣ ಅಮಾನ್ ಬೇಡಿದವನ ಯೋಗ್ಯತೆಯ ಮೇಲೆ ನಿಂತಿಲ್ಲ ಎಂದು ಅವಳಿಗೆ ಹೇಳಿದೆವು.

ಕಂಪಿಲರಾಯನ ಹನ್ನೊಂದು ಮಕ್ಕಳನ್ನು ಸೆರೆಹಿಡಿದು ದೆಹಲಿಗೆ ಕೊಂಡೊಯ್ದರು, ಅವರು ಮುಸ್ಲಿಮರಾದರು, ಸುಲ್ತಾನ ಅವರನ್ನು ಅಮೀರರನ್ನಾಗಿ ಮಾಡಿದ ಎಂದು ಇಬ್ನ್ ಬತೂತ ಬರೆಯುತ್ತಾರೆ. ಅವರಲ್ಲಿ ಮೂವರನ್ನು, ನಸ್ರ್, ಬಖ್ತಿಯಾರ್ ಮತ್ತು ಸುಲ್ತಾನನ ಮುದ್ರೆ ಕಾಯುತ್ತಿದ್ದ ಅಬೂ ಮುಸ್ಲಿಂ ಎಂಬವರನ್ನು, ತಾವೇ ಕಂಡದ್ದಾಗಿ ಹೇಳುತ್ತಾರೆ. ಸೆರೆಯಲ್ಲಿ ಬಂದ ಆ ಹುಡುಗರ ಮನಸ್ಸಿನಲ್ಲಿ ಏನಿತ್ತೋ ಅಲ್ಲಾಹನೇ ಬಲ್ಲ. ಬಲವಂತದ ಈಮಾನಿಗೆ ಬೆಲೆಯಿಲ್ಲ ಎಂದು ನಾವು ದಿನಾ ಪಾಠ ಮಾಡುವವರು, ಇದನ್ನು ಹೆಮ್ಮೆಯಿಂದ ಹೇಳುವಂತಿಲ್ಲ.

ಇದೇ ಇಬ್ನ್ ಬತೂತ 1342ರ ಸುಮಾರಿಗೆ ನಮ್ಮ ಮಂಜರೂರಿಗೆ, ಅಂದರೆ ಮಂಗಳೂರಿಗೆ ಬಂದವರು. ಅಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದಾರೆ, ಬದ್ರುದ್ದೀನ್ ಮಅಬರಿ ಎಂಬ ಶಾಫಿ ಖಾಝಿ ದರ್ಸ್ ನಡೆಸುತ್ತಾರೆ ಎಂದು ಬರೆದವರು. ಅದಾಗಿ ನೂರು ವರ್ಷದ ಮೇಲೆ, 1443ರಲ್ಲಿ, ಹೆರಾತಿನ ರಾಯಭಾರಿ ಅಬ್ದುರ್ರಝಾಕ್ ಕಲ್ಲಿಕೋಟೆಯಿಂದ ಸಮುದ್ರದ ಮೇಲೆ ಮಂಗಳೂರಿಗೆ ಬಂದು, ಅಲ್ಲಿಂದ ಘಾಟಿ ಹತ್ತಿ ವಿಜಯನಗರಕ್ಕೆ ಹೋದರು. ಏಳು ಸುತ್ತಿನ ಕೋಟೆಯ ಆ ನಗರವನ್ನು ಹೊಗಳಿ ಬರೆದರು. ಆಗ ಇಮ್ಮಡಿ ದೇವರಾಯನ ಕಾಲ. ಅವನು ಸೈನ್ಯಕ್ಕೆ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡದ್ದು, ಅವರು ವಂದಿಸಲು ಅನುಕೂಲವಾಗಲೆಂದು ಸಿಂಹಾಸನದ ಮುಂದೆ ಖುರ್‌ಆನ್ ಇಡಿಸಿದ್ದು ಫಿರಿಶ್ತಾನ ಬರಹದಲ್ಲಿದೆ. ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇವತ್ತಿಗೂ ನಿಂತಿದೆ. ಶಾಸನ ಅದನ್ನು ಧರ್ಮಶಾಲೆ ಎನ್ನುತ್ತದೆ, ದೇವರಾಯನ ಪುಣ್ಯಕ್ಕಾಗಿ ಕಟ್ಟಿಸಿದ್ದು ಎನ್ನುತ್ತದೆ. ಕಲ್ಲಿನ ರಥದ ಬಳಿ ಫೋಟೊ ತೆಗೆಸುವವರು ಅಲ್ಲಿಗೂ ಹತ್ತು ನಿಮಿಷ ಹೋಗಿ ಬರಬಹುದು.

ಬಿಸಿಲು ಏರುವ ಹೊತ್ತಿಗೆ ಹೊಳೆ ಕಡೆ ಹೋದೆವು. ದಾರಿಯಲ್ಲಿ ಹುಚ್ಚಪ್ಪಯ್ಯನ ಮಠ. ಕಪ್ಪು ಕಲ್ಲಿನ ಕಂಬಗಳನ್ನು ಚರಕಿಗೆ ಕೊಟ್ಟು ಕಡೆದಷ್ಟು ನಯವಾಗಿ ಮಾಡಿದ್ದಾರೆ, ಮಾಡಿನಲ್ಲಿ ಹಳೆಯ ಚಿತ್ರಗಳ ಗುರುತು ಉಳಿದಿದೆ. ಹೊಳೆಯ ನಡುಗಡ್ಡೆಯಲ್ಲಿ ನವ ಬೃಂದಾವನ, ನಮ್ಮ ಉಡುಪಿಯಿಂದ ಹೊರಟ ಮಧ್ವ ಪರಂಪರೆಯ ಒಂಬತ್ತು ಯತಿಗಳ ಸಮಾಧಿ. ಅದನ್ನು ದೂರದಿಂದ ನೋಡಿದೆವು.

ಘಟ್ಟದಲ್ಲಿ ಹರಿಗೋಲು. ಮಕ್ಕಳು ಕಾದು ಕೂತಿದ್ದೇ ಇದಕ್ಕೆ. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಇದೇ ಹೊಳೆಯಲ್ಲಿ ಬುಟ್ಟಿಯ ಹಾಗಿನ ದುಂಡು ದೋಣಿಗಳನ್ನು ಕಂಡಿದ್ದ. ಬೆತ್ತದಲ್ಲಿ ಹೆಣೆದು ಹೊರಗೆ ಚರ್ಮ ಹೊದಿಸಿದ ಆ ಬುಟ್ಟಿಯಲ್ಲಿ ಹದಿನೈದಿಪ್ಪತ್ತು ಜನ ಕೂರುತ್ತಿದ್ದರಂತೆ, ಬೇಕಾದರೆ ಕುದುರೆ, ಎತ್ತುಗಳೂ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಡಾಂಬರು. ಆಕಾರ ಬದಲಾಗಿಲ್ಲ. ನೀರಿನ ನಡುವೆ ಅರ್ಧಕ್ಕೆ ನಿಂತ ಸೇತುವೆಯ ಅವಶೇಷ ತೋರಿಸಿದರು. ಹಂಪಿ ಕಡೆಯ ತಳವಾರಘಟ್ಟದಿಂದ ಆನೆಗೊಂದಿಗೆ ಸೇತುವೆ ಕಟ್ಟಲು ಹೊರಟಾಗ ಪಾರಂಪರಿಕ ತಾಣಕ್ಕೆ ಧಕ್ಕೆ ಎಂಬ ತಕರಾರು ಬಂತು. 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. 2006ರಲ್ಲಿ ಪಟ್ಟಿಯಿಂದ ತೆಗೆದರು. ಮತ್ತೆ ಕೆಲಸ ನಡೆಯುತ್ತಿದ್ದಾಗ 2009ರ ಜನವರಿ 22ರಂದು ಸೇತುವೆ ಕುಸಿದು ಕೂಲಿಕಾರರು ನೀರುಪಾಲಾದರು. ಹಳೆಯದನ್ನು ಉಳಿಸುವುದೂ ಬೇಕು, ಈ ದಡದ ಹೆರಿಗೆ ನೋವಿನ ಹೆಂಗಸು ಆ ದಡದ ಆಸ್ಪತ್ರೆಗೆ ಹೋಗುವುದೂ ಬೇಕು. ಇದರಲ್ಲಿ ಯಾರ ಪರ ಎಂದು ಕೇಳಿದರೆ ನಾವು ಎರಡನೆಯವಳ ಪರ. ಆದರೆ ಕಡೇಬಾಗಿಲಿನಲ್ಲಿ ಸೇತುವೆ ಆದ ಮೇಲೆ ಎರಡೂ ಸಾಧ್ಯ ಎಂದು ಗೊತ್ತಾಗಿದೆ. ಜಾಗ ಹುಡುಕುವ ತಾಳ್ಮೆ ಬೇಕಿತ್ತು.

ಘಟ್ಟದ ಬಳಿ ಕುಳಿತಿದ್ದ ಹಿರಿಯ ಸಾಹೇಬರೊಬ್ಬರು ಸಲಾಂ ಹೇಳಿ ದಖನಿಯಲ್ಲಿ ಮಾತು ತೆಗೆದರು. ನಾವು ಕನ್ನಡದಲ್ಲಿ ಉತ್ತರ ಕೊಟ್ಟೆವು. ‘ಸಾಬ್ರಾಗಿ ಉರ್ದು ಬರಂಗಿಲ್ಲಂದ್ರ ಹೆಂಗ್ರೀ ಮೌಲಾನಾ?’ ಎಂದು ಅವರಿಗೆ ಆಶ್ಚರ್ಯ. ನಮ್ಮ ಮನೆಮಾತು ಬ್ಯಾರಿ, ಅದು ಮಲಯಾಳಕ್ಕೆ ಹತ್ತಿರ, ತುಳು ಬೆರೆತದ್ದು ಎಂದು ವಿವರಿಸಿದೆವು. ಎರಡು ಮಾತು ಆಡಿ ತೋರಿಸಿ ಎಂದರು. ಚಿಕ್ಕ ಹುಡುಗನೊಬ್ಬ ಆಡಿದ. ‘ಒಂದಕ್ಷರ ತಿಳಿಲಿಲ್ಲ, ಆದ್ರ ಕೇಳಾಕ ಚಲೋ ಐತಿ’ ಎಂದರು.

ಅವರಿಂದಲೇ ಇಲ್ಲಿನ ಮೊಹರಂ ವಿಷಯ ತಿಳಿಯಿತು. ಕೊಪ್ಪಳ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಅದಕ್ಕೆ ಅಲಾಯಿ ಹಬ್ಬ ಎನ್ನುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರಲ್ಲೂ ಹಿಂದೂಗಳೇ ಪಂಜಾ ಕೂರಿಸುತ್ತಾರೆ, ಕರ್ಬಲದ ಪದ ಹಾಡುತ್ತ ಹೆಜ್ಜೆ ಹಾಕುತ್ತಾರೆ. ನಮ್ಮ ಕರಾವಳಿಯಲ್ಲಿ ಈ ಪದ್ಧತಿಯಿಲ್ಲ, ಶರೀಅತ್ತಿನ ಪ್ರಕಾರ ನಾವು ಅದನ್ನು ಒಪ್ಪುವವರೂ ಅಲ್ಲ. ಅದನ್ನು ಅವರಿಗೆ ಹೇಳಿದೆವು, ಅವರು ನಕ್ಕರು. ‘ನೀವು ಹೇಳೂದು ಖರೇ ಇರಬಹುದು ಮೌಲಾನಾ. ಆದ್ರ ಹುಸೇನಪ್ಪ, ಫಕೀರಪ್ಪ ಅಂತ ಹಿಂದೂ ಹುಡುಗ್ರಿಗೆ ಹೆಸರು ಇಡ್ತಾರಲ್ರೀ ನಮ್ಮ ಊರಾಗ, ಅದಕ್ಕೇನಂತೀರಿ?’ ಅದಕ್ಕೆ ನಾವು ಏನೂ ಅನ್ನಲಿಲ್ಲ.

ಊರಿನ ಹೆಂಗಸರು ಬಾಳೆನಾರಿನಿಂದ ಚೀಲ, ಚಾಪೆ, ಬುಟ್ಟಿ ಮಾಡುತ್ತಾರೆ. 1997ರಲ್ಲಿ ಇಲ್ಲಿ ಶುರುವಾದ ಕಿಷ್ಕಿಂದ ಟ್ರಸ್ಟ್ ಈ ಕೆಲಸ ಕಲಿಸಿತು, ಹಳೆಯ ಮನೆಗಳನ್ನು ಕೆಡವದೆ ರಿಪೇರಿ ಮಾಡಿ ಪ್ರವಾಸಿಗರು ತಂಗುವಂತೆಯೂ ಮಾಡಿತು. ಗೊನೆ ಕಡಿದ ಮೇಲೆ ಬಿಸಾಡುವ ಬಾಳೆದಿಂಡಿನ ಪಟ್ಟೆಯಿಂದ ನಾರು ತೆಗೆಯುವುದನ್ನು ನಮ್ಮ ಉಮ್ಮಂದಿರು ಬಹಳ ಹೊತ್ತು ನಿಂತು ನೋಡಿದರು. ನಮ್ಮ ಮನೆಗಳಲ್ಲಿ ಬಾಳೆಗೇನು ಕಡಿಮೆಯೇ?

ಹಗ್ಗ ಹೊಸೆಯುತ್ತಿದ್ದ ತಾಯಿಯೊಬ್ಬರು ಇನ್ನೊಂದು ಮುಖವನ್ನೂ ಹೇಳಿದರು. ‘ಮನಿ ಸೋರತೈತ್ರಿ. ಹಳೀ ತೊಲಿ ಹಾಕಾಕ ಮರ ಸಿಗಂಗಿಲ್ಲ, ಮಣ್ಣಿನ ಕೆಲಸ ಬಲ್ಲವ್ರು ಸತ್ತುಹೋದ್ರು. ಸಿಮಿಟ್ ಹಾಕಬೇಕಂದ್ರ ಪರ್ಮಿಷನ್ ಅಂತಾರ. ನೋಡಾಕ ಬಂದವ್ರಿಗೆ ಚಂದ, ಇರೋರಿಗೆ ಕಷ್ಟ.’ ಅವರ ಮಗ ಬೆಂಗಳೂರಿನಲ್ಲಿದ್ದಾನೆ, ಬಂದರೆ ಹಬ್ಬಕ್ಕೆ ಎರಡು ದಿನ. ಈ ಮಾತು ಕೇಳುವಾಗ ನಮಗೆ ಮಂಗಳೂರಿನ ಬಂದರ್, ಕುದ್ರೋಳಿ ನೆನಪಾಯಿತು. ನಮ್ಮ ಹಳೆಯ ತರವಾಡು ಮನೆಗಳಲ್ಲಿ ಎಷ್ಟು ಉಳಿದಿವೆ? ಅಲ್ಲಿ ತಡೆಯುವ ನಿಯಮವೂ ಇರಲಿಲ್ಲ, ಉಳಿಸಲು ಕಲಿಸಿದವರೂ ಇರಲಿಲ್ಲ. ಗಲ್ಫಿನ ದುಡ್ಡು ಬಂತು, ಕೆತ್ತನೆಯ ಬಾಗಿಲುಗಳು ಗುಜರಿಗೆ ಹೋದವು. ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆಯನ್ನು ನಿಂತು ನೋಡಿದವರು ಯಾರು ಎಂದು ಮಕ್ಕಳಲ್ಲಿ ಕೇಳಿದರೆ ಎದ್ದ ಕೈ ಮೂರು.

ಮಧ್ಯಾಹ್ನಕ್ಕೆ ಗಂಗಾವತಿ. ಹತ್ತು-ಹನ್ನೆರಡು ಕಿಲೋಮೀಟರ್. ಅಲ್ಲಿನ ಮಸೀದಿಯಲ್ಲಿ ಲುಹರ್ ಮತ್ತು ಅಸರ್ ಅನ್ನು ಜಂಅ್-ಕಸ್ರ್ ಆಗಿ ನಿರ್ವಹಿಸಿದೆವು. ಅವರು ಹನಫಿಗಳು, ಪ್ರಯಾಣದಲ್ಲಿ ಹೀಗೆ ಎರಡು ನಮಾಝ್ ಸೇರಿಸುವ ಕ್ರಮ ಅವರಲ್ಲಿಲ್ಲ, ಅಸರ್ ಸಮಯವೂ ನಮಗಿಂತ ತಡ. ಒಬ್ಬ ಯುವಕ ಬಂದು ವಿಚಾರಿಸಿದ. ಶಾಫಿ ಮದ್‌ಹಬ್ ಎಂದು ಅಲ್ಲಿನ ಇಮಾಮರೇ ಅವನಿಗೆ ವಿವರಿಸಿದರು, ನಮಗೆ ಚಹಾ ತರಿಸಿದರು. ಕಿತಾಬಿನಲ್ಲಿ ಓದುವ ಇಖ್ತಿಲಾಫನ್ನು ಮಕ್ಕಳು ಕಣ್ಣಾರೆ ಕಂಡದ್ದು ಇದೇ ಮೊದಲು.

ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಎರಡು ಸಾವಿರ ವರ್ಷಕ್ಕೂ ಹಿಂದಿನ ಕಲ್ಲಿನ ಗೋರಿಗಳಿವೆ, ಜನ ಮೋರ್ಯರ ಮನೆ ಎನ್ನುತ್ತಾರೆ. ಅದಕ್ಕೂ ಕುಮ್ಮಟದುರ್ಗಕ್ಕೂ ಹೊತ್ತು ಸಾಲಲಿಲ್ಲ. ಸಂಜೆ ಕೊಪ್ಪಳದಲ್ಲಿ ಕೋಟೆಯನ್ನು ಕೆಳಗಿನಿಂದ ನೋಡಿದೆವು. 1786ರಲ್ಲಿ ಟಿಪ್ಪು ಸುಲ್ತಾನ್ ಗೆದ್ದು ಫ್ರೆಂಚ್ ಇಂಜಿನಿಯರರ ಸಹಾಯದಿಂದ ಬಲಪಡಿಸಿದ ಕೋಟೆ ಅದು. 1858ರಲ್ಲಿ ಮುಂಡರಗಿ ಭೀಮರಾಯ ಬ್ರಿಟಿಷರ ವಿರುದ್ಧ ಹೋರಾಡುತ್ತ ಪ್ರಾಣ ಕೊಟ್ಟದ್ದೂ ಇಲ್ಲೇ.

ಹೋಗುವವರಿಗೆ ನಾಲ್ಕು ಮಾತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ, ಮಾರ್ಚ್ ಕಳೆದರೆ ಆ ಬಂಡೆಗಳ ಕಾವು ನಮ್ಮವರಿಗೆ ತಡೆಯುವುದಿಲ್ಲ. ಹೆಂಗಸರು ಮಕ್ಕಳಿದ್ದರೆ ಶೌಚದ ವ್ಯವಸ್ಥೆಯನ್ನು ಹೊಸಪೇಟೆ ಅಥವಾ ಗಂಗಾವತಿಯಲ್ಲೇ ಮುಗಿಸಿಕೊಳ್ಳಿ. ಓಣಿಗಳು ಜನರ ಅಂಗಳ, ಕೇಳದೆ ಮನೆಯೊಳಗಿನ ಫೋಟೊ ತೆಗೆಯಬೇಡಿ. ಅಂಜನಾದ್ರಿಯ ವಿಶೇಷ ದಿನಗಳಲ್ಲಿ ರಸ್ತೆ ತುಂಬಿರುತ್ತದೆ, ದಿನ ನೋಡಿಕೊಂಡು ಹೊರಡಿ. ಮಳೆಗಾಲದಲ್ಲಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿಗೋಲು ನಿಲ್ಲಿಸುತ್ತಾರೆ. ಆಗ ಯಾರಾದರೂ ಹೆಚ್ಚು ದುಡ್ಡಿಗೆ ದಾಟಿಸುತ್ತೇವೆ ಎಂದರೂ ಹತ್ತಬೇಡಿ.